ನೀರು ಕಾಯಿಸುವವಳು ಬಿಯರ್ ಒಲೆ ಕಲಿತದ್ದು

ನನ್ನ ಜಾಗಕ್ಕೆ ಸೇರಿಕೊಂಡಿರುವ ಮೇಘನಾ ಮೈಸೂರಿನ ಹುಡುಗಿ. ಗಂಡನ ಜೊತೆ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿದ್ದಾಳೆ. ಕೆಲಸಕ್ಕೆ ಸೇರುವ ಹಿಂದಿನ ಭಾನುವಾರ ಫೋನ್ ಮಾಡಿದಳು.

"ಆಂಟಿ, ಜಾಬ್ ಡಿಸ್ಕ್ರಿಪ್ಶನ್ ಪೂರ್ತಿ ಓದ್ದೆ. ಆದ್ರೆ ನಿಜವಾಗ್ಲೂ ಡೈಲಿ ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ."

"ನೀರು ಕಾಯಿಸಬೇಕು" ಎಂದೆ. ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಮಾಡಿದ್ದು ಹೆಚ್ಚುಕಡಿಮೆ ಅದೇ. ಬೆಳಿಗ್ಗೆ ಕಟ್ಟಿಗೆ ತೂಗುವುದು, ಒಲೆ ಹೊತ್ತಿಸುವುದು, ದೊಡ್ಡ ಪಾತ್ರೆಯಲ್ಲಿ ನೀರು ಕುದಿಸುವುದು, ಕೊನೆಗೆ ಉಳಿದ ಇದ್ದಿಲು ತೂಗಿ ಬರೆದಿಡುವುದು. ಆದರೆ ಅಷ್ಟೇ ಹೇಳಿ ಫೋನ್ ಇಟ್ಟದ್ದು ಸರಿಯಾಗಲಿಲ್ಲ ಅನ್ನಿಸಿತು. ಆ ಕೆಲಸದಲ್ಲಿ ನಾನು ಎಲ್ಲಿ ಎಡವಿದೆ, ಯಾರು ನನ್ನನ್ನು ತಿದ್ದಿದರು ಎನ್ನುವುದು ಅವಳಿಗೆ ಗೊತ್ತಿದ್ದರೆ ಒಳ್ಳೆಯದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಣ್ಣ ಸಂಸ್ಥೆ. ಆಫ್ರಿಕಾದ ಸಣ್ಣ ಊರುಗಳಲ್ಲಿ ಮನೆಯಂಗಳದಲ್ಲೇ ಜೋಳದ ಬಿಯರ್ ಕುದಿಸಿ ಮಾರಿ ಸಂಸಾರ ನಡೆಸುವ ಹೆಂಗಸರಿದ್ದಾರೆ. ಅವರಿಗೆ ಕಡಿಮೆ ಕಟ್ಟಿಗೆಯಲ್ಲಿ ಕೆಲಸ ಮುಗಿಸುವ ಒಲೆ ಮಾಡಿಕೊಡುವುದು ನಮ್ಮ ಉದ್ಯೋಗ. ಅಡುಗೆ ಒಲೆಯ ಬಗ್ಗೆ ತಲೆಕೆಡಿಸಿಕೊಂಡವರು ಬಹಳ ಮಂದಿ ಇದ್ದಾರೆ. ಬಿಯರ್ ಒಲೆ ಎಂದರೆ ಎಲ್ಲರಿಗೂ ಸಂಕೋಚ. ಆದರೆ ಒಂದು ಪಾತ್ರೆ ಬಿಯರ್ ಆಗಬೇಕಾದರೆ ಬೆಳಗಿನಿಂದ ಸಂಜೆಯವರೆಗೆ ಬೆಂಕಿ ಉರಿಯಬೇಕು. ಆ ಕಟ್ಟಿಗೆ ಹೊತ್ತು ತರುವವಳು ಅವಳೇ, ಆ ಹೊಗೆ ಕುಡಿಯುವವಳೂ ಅವಳೇ.

ಸಂಕೋಚ ನನಗೂ ಇತ್ತು. ನಾನು ಧಾರವಾಡದವಳು. ಮೊಟ್ಟೆಯನ್ನೂ ಒಳಗೆ ತರದ ಮನೆ ನಮ್ಮದು. ಸಿಡ್ನಿಗೆ ಬಂದ ಮೊದಲ ವರ್ಷಗಳಲ್ಲಿ ಟೂಂಗಾಬಿಯ ಅಂಗಡಿಯಲ್ಲಿ ಬೇಳೆ ಕೊಳ್ಳುವಾಗ ಯಾರಾದರೂ "ನೀವೇನ್ ಕೆಲ್ಸ ಮಾಡ್ತೀರಾ?" ಎಂದರೆ "ಒಲೆ ಟೆಸ್ಟ್ ಮಾಡ್ತೀನಿ" ಎಂದು ನಿಲ್ಲಿಸುತ್ತಿದ್ದೆ. ಒಲೆಯ ಮೇಲೆ ಏನು ಎಂದು ಕೇಳುವ ಮೊದಲೇ ಬಿಲ್ಲಿಂಗ್ ಕಡೆ ನಡೆದುಬಿಡುತ್ತಿದ್ದೆ.

ಕೆಲಸ ಕೊಟ್ಟವರು ಕೆನ್. ಎತ್ತರದ, ಮಾತು ಕಡಿಮೆಯ ಮನುಷ್ಯ, ಬಾಯ್ಲರ್‌ಗಳಲ್ಲಿ ಪಳಗಿದ ಎಂಜಿನಿಯರ್. ಸಂದರ್ಶನದಲ್ಲಿ ನನ್ನ ಮೆಕ್ಯಾನಿಕಲ್ ಡಿಗ್ರಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಆಗ ಸಿಡ್ನಿಯಲ್ಲಿದ್ದ ಸಂಸ್ಥೆಯ ಶೆಡ್ಡಿನ ಹಿಂದೆ ಕರೆದುಕೊಂಡು ಹೋಗಿ ನಾಲ್ಕು ಕಟ್ಟಿಗೆ, ಒಂದು ಬೆಂಕಿಪೊಟ್ಟಣ ಕೊಟ್ಟು "ಹೊತ್ತಿಸು" ಎಂದರು. ಭಾರತದ ಹೆಣ್ಣುಮಗಳಿಗೆ ಒಲೆ ಹೊತ್ತಿಸುವುದು ರಕ್ತದಲ್ಲೇ ಇರುತ್ತದೆ ಎಂದುಕೊಂಡಿದ್ದರೋ ಏನೋ. ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲೇ ಗ್ಯಾಸ್ ಬಂದಿತ್ತು. ಬಚ್ಚಲ ಹಂಡೆಗೆ ಮಾತ್ರ ಕಟ್ಟಿಗೆ, ಅದನ್ನು ಹೊತ್ತಿಸುತ್ತಿದ್ದವರು ಅಣ್ಣಂದಿರು. ಹನ್ನೊಂದು ಕಡ್ಡಿ ಗೀರಿದೆ. ಹನ್ನೆರಡನೆಯದಕ್ಕೆ ಹೊತ್ತಿತು. "ಹನ್ನೆರಡು" ಎಂದೆ. ಕೆನ್ ತಮ್ಮ ನೋಟ್‌ಬುಕ್‌ನಲ್ಲಿ ಏನೋ ಬರೆದುಕೊಂಡು, "ಹನ್ನೆರಡು ಎಂದು ನೀನೇ ಹೇಳಿದೆಯಲ್ಲ, ಎಣಿಸುವ ಅಭ್ಯಾಸ ಇದೆ. ಸೋಮವಾರ ಬಾ" ಎಂದರು.

ಸೇರಿದ ಮೂರನೆಯ ತಿಂಗಳಲ್ಲೇ ಮೊದಲ ತಪ್ಪು. ಮಳೆಯಲ್ಲಿ ನೆನೆದ ಕಟ್ಟಿಗೆಯನ್ನು ಮೇಲ್ಗಡೆ ಒಣಗಿದೆ ಎಂದು ನಂಬಿ ಎರಡು ವಾರ ಅದರಲ್ಲೇ ಪರೀಕ್ಷೆ ನಡೆಸಿದೆ. ಒಳಗೆ ತೇವ ಇತ್ತು. ಅಂಕಿಗಳೆಲ್ಲ ಹಾಳು. ಗೊತ್ತಾದಾಗ ಆ ಹಾಳೆಗಳನ್ನು ಹರಿಯಲು ಹೋದೆ. ಕೆನ್ ಕೈ ತಡೆದರು.

"ಹರಿಯಬೇಡ. ಪ್ರತಿ ಹಾಳೆಯ ಮೇಲೂ 'ಒದ್ದೆ ಕಟ್ಟಿಗೆ' ಎಂದು ಬರೆದು ಸಹಿ ಮಾಡು."

ಇಪ್ಪತ್ತೆಂಟು ಹಾಳೆಗೆ ಸಹಿ ಮಾಡಿದೆ. ಅವಮಾನವೆನಿಸಿತು. ಆದರೆ ಆಮೇಲೆ ಯಾವತ್ತೂ ಕಟ್ಟಿಗೆ ಸೀಳಿ ಒಳಗಿನ ತೇವ ನೋಡದೆ ತೂಕಕ್ಕೆ ಇಟ್ಟವಳಲ್ಲ. ಮೇಘನಾ, ನಿನ್ನ ಮೊದಲ ತಪ್ಪನ್ನೂ ಹರಿಯಬೇಡ.

ಐದಾರು ವರ್ಷ ಹೀಗೆ ಕಳೆದ ಮೇಲೆ ನಮ್ಮಿಂದ ಒಂದು ಒಳ್ಳೆಯ ಒಲೆ ಹೊರಬಂತು. ಸುತ್ತ ಶಾಖ ಹೊರಹೋಗದಂಥ ಇಟ್ಟಿಗೆ, ನಡುವೆ ಇಕ್ಕಟ್ಟಾದ ಬೆಂಕಿಗೂಡು, ಪಾತ್ರೆ ಅರ್ಧ ಒಳಗೆ ಇಳಿದು ಕೂರುವ ಬಾಯಿ. ಮೂರು ಕಲ್ಲಿನ ಒಲೆ ಸುಡುವ ಕಟ್ಟಿಗೆಯ ಅರ್ಧದಷ್ಟರಲ್ಲೇ ನೀರು ಕುದಿಯುತ್ತಿತ್ತು. ಪದೇಪದೇ ನೋಡಿದೆವು, ಪ್ರತಿ ಸಲವೂ ಅಷ್ಟೇ. ವರದಿಗೆ ನಾನೇ ಸಹಿ ಮಾಡಿದೆ. ಹಣ ಕೊಡುವ ಸಂಸ್ಥೆಯವರಿಗೆ ಖುಷಿಯಾಗಿ, ನಲವತ್ತು ಒಲೆ ಮಾಡಿ ಕಂಟೇನರ್‌ನಲ್ಲಿ ಕಳಿಸಿ ಎಂದರು. ಕಳಿಸುವ ಮೊದಲು ಒಂದು ಸಲ ನಿಜವಾದ ಬಿಯರ್ ಮಾಡಿ ಫೋಟೊ ತೆಗೆದಿಡಿ ಎಂದೂ ಹೇಳಿದರು. ಅದು ಫೋಟೊಗಾಗಿ ಮಾತ್ರ. ಪರೀಕ್ಷೆ ಮುಗಿದಿದೆ ಎಂದೇ ಎಲ್ಲರ ಲೆಕ್ಕ, ನನ್ನದೂ.

ಆಗ ನಾವು ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರದ ಬಾಡಿಗೆ ಫ್ಲ್ಯಾಟ್‌ನಲ್ಲಿದ್ದೆವು. ಕೆಳಗಿನ ಮನೆಯಲ್ಲಿ ರುಡೊ ಎಂಬಾಕೆ. ಜಿಂಬಾಬ್ವೆಯವಳು, ಪಕ್ಕದ ಆಸ್ಪತ್ರೆಯಲ್ಲಿ ನರ್ಸ್, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಒಂದು ದಿನ ಅವಳ ಬಾಲ್ಕನಿಯಲ್ಲಿ ಗೋಣಿಯ ಮೇಲೆ ಹರಡಿದ ಮೊಳಕೆ ರಾಗಿ ಕಂಡು ನಿಂತುಬಿಟ್ಟೆ. ನಮ್ಮದೇ ರಾಗಿ! ಅವಳ ಊರಿನಲ್ಲಿ ಅದನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಜೋಳದ ಗಂಜಿಗೆ ಬೆರೆಸಿ ಬಿಯರ್ ಮಾಡುತ್ತಾರಂತೆ. ಅವಳ ತಂದೆ ತೀರಿಕೊಂಡು ವರ್ಷವಾಗುತ್ತಿತ್ತು. ಮುಂದಿನ ಶನಿವಾರ ಬಂಧುಬಳಗ ಸೇರುವುದಿತ್ತು, ಆ ದಿನ ಮಗಳ ಕೈಯ ಬಿಯರ್‌ನ ಮೊದಲ ಬಟ್ಟಲು ಅವನ ಹೆಸರಲ್ಲಿ ನೆಲಕ್ಕೆ ಸುರಿಯಬೇಕು. ಏಳು ದಿನದ ಕೆಲಸ. ಗ್ಯಾಸಿನ ಮೇಲೆ ಅಷ್ಟು ದೊಡ್ಡ ಪಾತ್ರೆ ಹೇಗಿಡಲಿ ಎಂದು ಅವಳ ಚಿಂತೆ.

"ನಮ್ಮ ಶೆಡ್ಡಿಗೆ ಬಾ. ನಮ್ಮ ಹತ್ತಿರ ಇದಕ್ಕೆಂದೇ ಮಾಡಿದ ಒಲೆ ಇದೆ" ಎಂದೆ.

"ಖಂಡಿತ ಆಗುತ್ತದಾ? ಇದು ನನ್ನ ಅಪ್ಪನದು, ಗಿರಿಜಾ."

"ಏನೂ ಯೋಚನೆ ಮಾಡಬೇಡ" ಎಂದೆ. ಆ ಮಾತು ಈಗಲೂ ಚುಚ್ಚುತ್ತದೆ.

ಭಾನುವಾರ ಮೊದಲ ಗಂಜಿಯನ್ನು ಅವಳು ಮನೆಯಲ್ಲೇ ನಾಲ್ಕು ಪಾತ್ರೆಗಳಲ್ಲಿ ಬೇಯಿಸಿದಳು. ರಾಗಿ ಹಿಟ್ಟು ಬೆರೆಸಿ ಹುಳಿಯಲು ಬಿಟ್ಟಳು. ಬುಧವಾರ ರಜೆ ಹಾಕಿ, ಎಲ್ಲವನ್ನೂ ಶೆಡ್ಡಿಗೆ ತಂದು ದೊಡ್ಡ ಪಾತ್ರೆಗೆ ಸುರಿದು ಎರಡನೆಯ ಕುದಿಗೆ ಇಟ್ಟಳು. ನಾನು ಕಟ್ಟಿಗೆ ತೂಗಿ ತೂಗಿ ಒಲೆಗೆ ಹಾಕುತ್ತಿದ್ದೆ. ಪಾತ್ರೆಯ ನಡುವಿಗೆ ಇಳಿಬಿಟ್ಟ ಥರ್ಮಾಮೀಟರ್ ಮೇಲೇ ನನ್ನ ಕಣ್ಣು. ಒಲೆ ಎತ್ತರವಾಗಿದ್ದರಿಂದ ರುಡೊ ಹಾಲಿನ ಕ್ರೇಟ್ ಮೇಲೆ ಹತ್ತಿ ನಿಂತು ಉದ್ದನೆಯ ಕೋಲಿನಿಂದ ತಿರುವುತ್ತಿದ್ದಳು. ಕೋಲು ತಳಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಅವಳು ಎರಡು ಸಲ ಹೇಳಿದಳು. ನಾನು "ಇನ್ನು ಸ್ವಲ್ಪ ಹೊತ್ತು" ಎಂದೆ.

ವಾಸನೆ ಮೊದಲು ಅವಳಿಗೆ ಬಂತು.

"ಬೆಂಕಿ ತೆಗೆ!"

"ಇನ್ನೂ ಕುದಿಯೇ ಬಂದಿಲ್ಲ, ರುಡೊ. ನೋಡು, ಥರ್ಮಾಮೀಟರ್..."

"ಬೆಂಕಿ ತೆಗೆ ಎಂದೆ!"

ಉರಿಯುವ ಕಟ್ಟಿಗೆ ಎಳೆದು ಹಾಕಿದೆ. ಆದರೆ ಶಾಖ ಹೊರಹೋಗದಂತೆ ನಾವೇ ಕಟ್ಟಿದ್ದ ಇಟ್ಟಿಗೆಗಳು ಕೆಂಪಗೆ ಕಾದಿದ್ದವು. ಬೆಂಕಿ ಇಲ್ಲದೆಯೂ ಒಲೆ ಸುಡುತ್ತಲೇ ಇತ್ತು. ಪಾತ್ರೆ ಇಳಿಸಲು ಇಬ್ಬರಿಂದಾಗಲಿಲ್ಲ. ನೋಡುತ್ತ ನಿಂತೆವು. ಸೀದ ವಾಸನೆ ಶೆಡ್ ತುಂಬಿತು. ರುಡೊ ಒಂದು ಚಮಚ ರುಚಿ ನೋಡಿ ಉಗುಳಿದಳು. ಕ್ರೇಟ್ ಇಳಿದು ಬಂದು ಅದರ ಮೇಲೇ ಕೂತಳು.

"ಇದರಲ್ಲಿ ಇದಕ್ಕೆ ಮೊದಲು ಏನು ಕಾಯಿಸಿದ್ದೀರಿ?"

"ನೀರು."

"ಬರೀ ನೀರು?"

"ಹೂಂ."

"ನೀರಿಗೆ ತಳ ಹಿಡಿಯುವುದು ಗೊತ್ತಿಲ್ಲ, ಗಿರಿಜಾ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಜೋಳ ತಿಂದು ಬೆಳೆದವಳು. ನನ್ನ ಅವ್ವ ಜೋಳದ ಅಂಬಲಿಗೆ ಇಟ್ಟರೆ ಆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಫೋನ್ ಬಂದರೆ ನಾವು ಹೋಗಿ ಎತ್ತಬೇಕಿತ್ತು, ಅವಳ ಕೈ ತಿರುವುತ್ತಲೇ ಇರಬೇಕಿತ್ತು. ಇದು ನನಗೆ ಗೊತ್ತಿತ್ತು. ಶೆಡ್ಡಿಗೆ ಬರುವಾಗ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದೆ, ಅದು ಎಂಜಿನಿಯರಿಂಗ್ ಅಲ್ಲ ಎಂದು.

ಶನಿವಾರದೊಳಗೆ ಇನ್ನೊಂದು ಪಾತ್ರೆ ಮಾಡಲು ಸಮಯವಿರಲಿಲ್ಲ.

ಮರುದಿನ ಕೆನ್ ಬಂದಾಗ ಲಾಗ್ ಪುಸ್ತಕ ಅವರ ಮುಂದಿಟ್ಟೆ. "ಒಲೆ ಸೋತಿದೆ" ಎಂದು ಬರೆದು ಸಹಿ ಮಾಡಿದ್ದೆ.

"ಒಂದು ಪಾತ್ರೆ ಸೀದರೆ ಒಲೆ ಸೋತಂತಾಗುವುದಿಲ್ಲ" ಎಂದರು. "ತಿರುವುವವರ ಕೈ ತಪ್ಪಿರಬಹುದು. ಸೋಮವಾರ ಕಂಟೇನರ್ ಹೊರಡುತ್ತದೆ."

"ಅವಳು ಐವತ್ತು ಸಲ ಮಾಡಿದ್ದಾಳೆ, ಕೆನ್. ನಾವು ಒಂದು ಸಲವೂ ಮಾಡಿಲ್ಲ. ಇದನ್ನು ಕಳಿಸಿದರೆ ನಲವತ್ತು ಮನೆಯಲ್ಲಿ ಹೀಗೇ ಆಗುತ್ತದೆ. ಅಲ್ಲಿಯವರಿಗೆ ಒಂದು ಪಾತ್ರೆ ಹೋದರೆ ವಾರದ ದುಡಿಮೆಯೇ ಹೋಯಿತು."

ಕೆನ್ ಎದ್ದು ಹೋಗಿ ತೊಳೆಯದೆ ಬಿಟ್ಟಿದ್ದ ಪಾತ್ರೆಯ ತಳವನ್ನು ಸ್ಕ್ರೂಡ್ರೈವರ್‌ನಿಂದ ಕೆರೆದರು. ಕರಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಮುಖ ಹಿಂಡಿತು. ಆಮೇಲೆ ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡು, ಕಂಟೇನರ್ ನಿಲ್ಲಿಸಲು ಫೋನ್ ಮಾಡಿದರು. ಮೇಲಧಿಕಾರಿಗಳನ್ನು ಹಲವರನ್ನು ಕಂಡಿದ್ದೇನೆ. ತಮ್ಮ ಐದು ವರ್ಷದ ಕೆಲಸವನ್ನು ಹಾಗೆ ಅಗಿದು ನೋಡಿದವರು ಇವರೊಬ್ಬರೇ.

ಶನಿವಾರ ಟೂಂಗಾಬಿಯ ಬಾಡಿಗೆ ಹಾಲ್‌ಗೆ ಹೋದೆ. ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ರುಡೊಳ ಚಿಕ್ಕಪ್ಪ ಅಂಗಡಿಯಿಂದ ತಂದ ಬಿಯರ್ ಬಾಟಲಿಯನ್ನು ತೆರೆದು ಹೊರಗಿನ ಹುಲ್ಲಿನ ಮೇಲೆ ಸುರಿಯುತ್ತಿದ್ದರು. ಅರ್ಧಕ್ಕೆ ನಿಲ್ಲಿಸಿ ಬಾಟಲಿಯ ಲೇಬಲ್ ನೋಡಿದರು, ಮತ್ತೆ ಸುರಿದರು. ರುಡೊ ನನ್ನನ್ನು ಬಾಗಿಲಲ್ಲಿ ಕಂಡಳು. ನಾನು ಬಾಯಿ ತೆರೆಯುವಷ್ಟರಲ್ಲಿ ಒರೆಸುವ ಬಟ್ಟೆಯೊಂದನ್ನು ಕೈಗಿಟ್ಟು, "ಕಪ್‌ಗಳು ಸಾಲುತ್ತಿಲ್ಲ. ತೊಳೆದು ಕೊಡು" ಎಂದಳು. ಸಂಜೆಯವರೆಗೆ ತೊಳೆದೆ.

ಹಣ ಕೊಡುವವರು ಕೋಪಿಸಿಕೊಂಡು ಕೈಬಿಟ್ಟರು. ವರ್ಷ ತುಂಬುವುದರೊಳಗೆ ಸಿಡ್ನಿಯ ಶೆಡ್ ಮುಚ್ಚಿತು. ಕೆನ್ ಅಲ್ಲಿ ಇಲ್ಲಿ ಓಡಾಡಿ ಮೆಲ್ಬರ್ನ್‌ನ ಪೂರ್ವದಲ್ಲಿ ಅದರ ಕಾಲು ಭಾಗದಷ್ಟು ಜಾಗ ಹುಡುಕಿದರು. "ನೀನು ಬರುವುದಾದರೆ ಮೊದಲಿಂದ ಶುರು ಮಾಡೋಣ" ಎಂದರು. ನಮ್ಮ ಯಜಮಾನರ ಕಂಪನಿ ಅವರಿಗೆ ಅಲ್ಲಿಗೆ ವರ್ಗ ಕೊಟ್ಟಿತು. ಬಾಕ್ಸ್ ಹಿಲ್‌ಗೆ ಬಂದೆವು.

ಮೊದಲಿಂದ ಎಂದರೆ ಎಲ್ಲಿಂದ? ನಾನು ರುಡೊಗೆ ಫೋನ್ ಮಾಡಿದೆ. ಅವಳು ಎರಡು ದಿನ ಉತ್ತರ ಕೊಡಲಿಲ್ಲ. ಮೂರನೆಯ ದಿನ, "ಜನವರಿಯಲ್ಲಿ ಎರಡು ವಾರ ರಜೆ ಇದೆ. ಆದರೆ ನಾನು ಹೇಳಿದಾಗ ಬೆಂಕಿ ತೆಗೆಯಬೇಕು" ಎಂದಳು.

ಬಂದವಳು ಒಲೆಯನ್ನು ನೋಡಲಿಲ್ಲ, ಎದುರಿಗೆ ನಿಂತು ಕೋಲು ಹಿಡಿದಂತೆ ಗಾಳಿಯಲ್ಲಿ ಕೈ ತಿರುವಿ ತೋರಿಸಿದಳು. ಮೊಣಕೈ ಎಲ್ಲಿ ಬರುತ್ತದೆ, ಬೆನ್ನು ಎಷ್ಟು ಬಾಗುತ್ತದೆ ಎಂದು ಕೆನ್ ಗೋಡೆಯ ಮೇಲೆ ಚಾಕ್‌ನಿಂದ ಗುರುತು ಹಾಕಿಕೊಂಡರು. ಒಲೆಯ ಎತ್ತರ ಒಂದು ಮೊಳ ಇಳಿಯಿತು. ಅವಳ ಸೋದರತ್ತೆಯ ಪಾದ ಸುಟ್ಟದ್ದು ಕುದಿಯುವ ಪಾತ್ರೆ ಇಳಿಸುವಾಗ ಎಂದು ಕೇಳಿದ ಮೇಲೆ, ಪಾತ್ರೆಯನ್ನು ಎತ್ತದೆ ಬಗ್ಗಿಸಿ ಸುರಿಯುವಂತೆ ಒಂದು ಕಡೆ ಕೀಲು ಹಾಕಿದೆವು. ತಳ ಹಿಡಿಯುವುದಕ್ಕೆ ಮಾತ್ರ ದಾರಿ ಸಿಗಲಿಲ್ಲ. ಗಂಜಿ ಕುದಿ ಬರುವವರೆಗೆ ಉರಿ ನಿಧಾನ ಬೇಕು, ಕುದಿ ಬಂದ ಮೇಲೆ ಜೋರು ಬೇಕು. ಒಂದೇ ಒಲೆಯಲ್ಲಿ ಎರಡೂ ಹೇಗೆ?

ನಾಲ್ಕನೆಯ ದಿನ ಊಟಕ್ಕೆ ಮನೆಯಿಂದ ರೊಟ್ಟಿ ತಂದಿದ್ದೆ. ರುಡೊ ರೊಟ್ಟಿ ಮುರಿಯುತ್ತ "ಇದನ್ನು ಯಾವುದರ ಮೇಲೆ ಸುಡುತ್ತೀರಿ?" ಎಂದಳು. ಅವ್ವ ಕೊಟ್ಟು ಕಳಿಸಿದ್ದ ಕಬ್ಬಿಣದ ಹಂಚಿನ ಬಗ್ಗೆ ಹೇಳುತ್ತ, ಹಾಲು ಸೀಯಬಾರದೆಂದು ಅವ್ವ ಅದೇ ಹಂಚನ್ನು ಪಾತ್ರೆಯ ಕೆಳಗೆ ಇಡುತ್ತಿದ್ದುದನ್ನೂ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಮೂವರೂ ಒಲೆಯ ಕಡೆ ತಿರುಗಿದೆವು. ಸಂಜೆಗೆ ಮನೆಯಿಂದ ಹಂಚು ತಂದೆ. ಮರುದಿನ ಕೆನ್ ಅದೇ ಬಗೆಯ ದೊಡ್ಡ ತಟ್ಟೆಯೊಂದನ್ನು ಕತ್ತರಿಸಿ, ಹಿಡಿ ಹಾಕಿ, ಬೆಂಕಿಗೂ ಪಾತ್ರೆಗೂ ನಡುವೆ ಒಳಗೆ ತಳ್ಳುವಂತೆ, ಬೇಡವಾದಾಗ ಹೊರಗೆ ಎಳೆಯುವಂತೆ ಮಾಡಿದರು. ತಟ್ಟೆ ಒಳಗಿದ್ದರೆ ಉರಿ ಹರಡಿಕೊಂಡು ನಿಧಾನ, ಹೊರಗೆಳೆದರೆ ಜೋರು.

ಕಟ್ಟಿಗೆ ಲೆಕ್ಕ ಬಂದಾಗ ಕೆನ್ ಮುಖ ಚಿಕ್ಕದಾಯಿತು. "ಹಳೆಯ ಒಲೆಗಿಂತ ಹೆಚ್ಚು ಸುಡುತ್ತದೆ."

"ಹಳೆಯದರಲ್ಲಿ ಬಿಯರ್ ಎಷ್ಟು ಸಿಕ್ಕಿತು?" ಎಂದಳು ರುಡೊ.

ಅದೇ ನಮ್ಮ ವಿಧಾನವನ್ನು ಬದಲಿಸಿದ ಪ್ರಶ್ನೆ. ಅಂದಿನಿಂದ ನೀರಿಗೆ ಎಷ್ಟು ಕಟ್ಟಿಗೆ ಎಂಬುದನ್ನು ಮೊದಲ ದಿನದ ಪರೀಕ್ಷೆಗೆ ಮಾತ್ರ ಇಟ್ಟುಕೊಂಡೆವು. ವರದಿಗೆ ಹೋಗುವುದು ಕುಡಿಯಲು ಯೋಗ್ಯವಾದ ಒಂದು ಪಾತ್ರೆಗೆ ಎಷ್ಟು ಕಟ್ಟಿಗೆ ಎಂಬುದು. ಸೀದ ಪಾತ್ರೆಯ ಕಟ್ಟಿಗೆಯೂ ಆ ಲೆಕ್ಕಕ್ಕೆ ಸೇರಬೇಕು. ಮೇಘನಾ, ಈಗ ನಿನಗೆ ಕೊಟ್ಟಿರುವ ಫಾರ್ಮ್‌ನಲ್ಲಿ ಆ ಸಾಲು ಇದೆ. ಅದು ಯಾವ ಪುಸ್ತಕದಿಂದಲೂ ಬಂದದ್ದಲ್ಲ.

ರಜೆಯ ಒಂಬತ್ತನೆಯ ದಿನ, ಬಿಯರ್ ಕೊನೆಯ ಕುದಿಯಲ್ಲಿದ್ದಾಗ, ಹಿಂದಿನ ಬೀದಿಯ ಯಾರೋ ಹೊಗೆ ನೋಡಿ ಫೋನ್ ಮಾಡಿದ್ದರಿಂದ ಬೆಂಕಿ ಆರಿಸುವ ಲಾರಿ ಎರಡು ಬಂದವು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಬೆಂಕಿ ಹಚ್ಚಲು ಹಾಕುವ ನಿಷೇಧ ಆ ದಿನ ಇರಲಿಲ್ಲ, ನಾವು ಕಾಗದಪತ್ರ ಇಟ್ಟುಕೊಂಡಿದ್ದೆವು.  ಹೆಲ್ಮೆಟ್ ಹಾಕಿದ ಹೆಂಗಸೊಬ್ಬರು ಒಳಗೆ ಬಂದು ಸುತ್ತ ನೋಡಿ, ಮೂಗು ಅರಳಿಸಿ, "ಒಲೆಗೆ ಹೊಗೆಯೇ ಇಲ್ಲವಲ್ಲ! ಯಾರು ನಮ್ಮನ್ನು ಕರೆದದ್ದು?" ಎಂದರು. ಹೊಗೆ ಬಂದದ್ದು ಪಕ್ಕದ ಗ್ಯಾರೇಜಿನವರ ಬಾರ್ಬೆಕ್ಯುನಿಂದ. ಅವರು ಹೋದ ಮೇಲೆ ರುಡೊ ನಕ್ಕು ನಕ್ಕು ಕೋಲು ಊರಿಕೊಂಡು ನಿಂತಳು. ಅವಳ ಅಪ್ಪನ ಹೆಸರಲ್ಲಿ ಮೊದಲ ಬಟ್ಟಲನ್ನು ಮೂರು ದಿನದ ಮೇಲೆ ಶೆಡ್ಡಿನ ಹಿಂದಿನ ಯೂಕಲಿಪ್ಟಸ್ ಮರದ ಬುಡಕ್ಕೆ ಸುರಿದಳು. ತಡವಾದರೂ ಪರವಾಗಿಲ್ಲ, ಅವನು ತಾಳ್ಮೆಯವನು ಎಂದಳು.

ಆ ವಾರವೇ ಅವ್ವನಿಗೂ ಹೇಳಿಬಿಟ್ಟೆ. ಧಾರವಾಡದ ಅಣ್ಣನ ಮನೆಯಿಂದ ಅವಳು ಫೋನಿನಲ್ಲಿದ್ದಳು.

"ಅವ್ವಾ, ನಾ ಮಾಡೂ ಒಲಿ ಮ್ಯಾಲೆ ಬಿಯರ್ ಕುದಸ್ತಾರ."

 "ಯಾರು ಕುದಸ್ತಾರ?"

"ಹೆಣ್ಣಮಕ್ಕಳು. ಮಾರಿ ಹೊಟ್ಟಿ ಹೊರಕೋತಾರ."

"ಅವರಿಗೆ ಹೊಗಿ ಕಡಿಮಿ ಆತೇನು?"

"ಆತವ್ವಾ. ನಿನ್ನ ಹಂಚು ನೋಡೇ ಒಲಿ ಸರಿ ಮಾಡಿದ್ವಿ, ಅದನ್ನ ಶೆಡ್ಡಿಗೆ ಒಯ್ದೀನಿ."

"ಮತ್ತ ಇಷ್ಟು ವರ್ಷ ಯಾಕ ಮುಚ್ಚಿಟ್ಟಿದ್ದಿ, ಹುಚ್ಚಿ! ನನ್ನ ಹಂಚು ಹೊಳ್ಳಿ ಕೊಟ್ಟಾರೇನು?"

ಹಂಚು ಈಗಲೂ ಶೆಡ್ಡಿನಲ್ಲೇ ಇದೆ.

ಆ ಒಲೆಗಳು ಒಂದೇ ಕಂಟೇನರ್‌ನಲ್ಲಿ ಹೋಗಲಿಲ್ಲ. ಮೊದಲು ಮೂರು, ಆಮೇಲೆ ಎಂಟು, ಹೀಗೆ ಹೋದವು. ಕೆಲವು ಕಡೆ ಹಿಡಿಸಿದವು, ಕೆಲವು ಕಡೆ ಕೋಳಿ ಮಲಗಲು ಬಳಕೆಯಾದವು. ಕೆನ್ ನಿವೃತ್ತರಾದರು. ಅವರ ಕುರ್ಚಿಯಲ್ಲಿ ನಾನು ಕೂತೆ. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ನನ್ನ ನಿವೃತ್ತಿಗೆ ಮೂರು ತಿಂಗಳಿದ್ದಾಗ ಜಿಂಬಾಬ್ವೆಯ ಒಂದು ಸಣ್ಣ ಊರಿನಿಂದ ವಿಡಿಯೊ ಬಂತು. ಮೇಬಲ್ ಎಂಬಾಕೆ ನಮ್ಮ ಒಲೆಯನ್ನು ಅರ್ಧ ನೆಲದೊಳಗೆ ಹೂತಿದ್ದಳು. ಸುತ್ತಲಿನ ತಗಡು ಕಿತ್ತು ಮಣ್ಣಿನ ಗೋಡೆ ಕಟ್ಟಿದ್ದಳು. ಹೊರಹೋಗುವ ಶಾಖದ ದಾರಿಯಲ್ಲಿ ಎರಡನೆಯ ಪಾತ್ರೆಗೆ ಜಾಗ ಮಾಡಿದ್ದಳು. ಮೊದಲನೆಯದು ಕುದಿಯುವಾಗ ನಾಳೆಗೆ ಬೇಕಾದ ನೀರು ಅದರಲ್ಲಿ ತಾನೇ ಕಾಯುತ್ತಿತ್ತು. ಕೆನ್‌ಗೆ ಕಳಿಸಿದೆ. ಮರುದಿನ ಬೆಳಿಗ್ಗೆ ಅವರು ಊರುಗೋಲು ಹಿಡಿದು ಶೆಡ್ಡಿಗೆ ಬಂದರು. "ನಮ್ಮ ಒಲೆಯನ್ನು ಹಾಳು ಮಾಡಿದ್ದಾಳೆ" ಎಂದು ಗೊಣಗುತ್ತಲೇ ಮಣ್ಣು ಕಲಸಲು ಕೂತರು. ಮೇಬಲ್ ಫೋನಿನಲ್ಲಿ ಹೇಳಿದಂತೆ ಕಟ್ಟಿದೆವು. ರುಡೊ ಆಸ್ಪತ್ರೆಯಿಂದ ನಿವೃತ್ತಳಾಗಿದ್ದಳು. ಸಿಡ್ನಿಯಿಂದ ಬಂದು ಬಿಯರ್ ಮಾಡಿದಳು. ಮೂರು ಪಾತ್ರೆ ಮಾಡಿದೆವು. ಮೂರೂ ಸಲ ನಮ್ಮದಕ್ಕಿಂತ ಕಡಿಮೆ ಕಟ್ಟಿಗೆ ಸುಟ್ಟಿತು. ತೂಕದ ಯಂತ್ರ ಕೆಟ್ಟಿದೆಯೇ ಎಂದು ಕೆನ್ ಅದನ್ನು ಮಗುಚಿ ನೋಡಿದರು. ಕೆಟ್ಟಿರಲಿಲ್ಲ.

ನನ್ನ ಕೊನೆಯ ವರದಿ ಅದೇ. 'ವಿನ್ಯಾಸ' ಎಂಬ ಖಾನೆಯಲ್ಲಿ ಮೇಬಲ್ ಹೆಸರು ಹಾಕಿದೆ. ಆಫೀಸಿನವರು, ಆಕೆ ಬರೀ ಬಳಕೆದಾರಳು, ಸಂಸ್ಥೆಯ ಹೆಸರೇ ಇರಲಿ ಎಂದರು. ಹಾಗಿದ್ದರೆ ನನ್ನ ಸಹಿ ಇರುವುದಿಲ್ಲ ಎಂದೆ. ಒಂದು ವಾರ ಪತ್ರ ಆಚೀಚೆ ಓಡಾಡಿತು. ಕೊನೆಗೆ ಒಪ್ಪಿದರು. ಮೇಬಲ್‌ಗೆ ಸಂದೇಶ ಕಳಿಸಿದೆ. ಅವಳ ಉತ್ತರ ಬೇಗ ಬಂತು.

"ಹಾಕುವುದಾದರೆ ಪೂರ್ತಿ ಹೆಸರು ಹಾಕಿ. ನಮ್ಮೂರಲ್ಲಿ ಆರು ಜನ ಮೇಬಲ್ ಇದ್ದೇವೆ."

ಪೂರ್ತಿ ಹಾಕಿದೆ, ಮನೆತನದ ಹೆಸರು, ಊರಿನ ಹೆಸರು ಎಲ್ಲ ಸೇರಿಸಿ. ಆ ಖಾನೆಯ ಒಂದು ಸಾಲಿನಲ್ಲಿ ಹಿಡಿಯಲಿಲ್ಲ. ಎರಡನೆಯ ಸಾಲಿಗೆ ಹೋಯಿತು.